ಆಗ್ನೇಯ ಮೂಲೆಯ ಆಮೆ

ಗಾಜಿನ ಬೋಗುಣಿಯ ನೀರು ಬದಲಿಸಲೆಂದು ಆಮೆಯನ್ನು ಎತ್ತಿಕೊಂಡ ಅನಂತಲಕ್ಷ್ಮಿಯವರ ಹೆಬ್ಬೆರಳು ಅದರ ಚಿಪ್ಪಿನೊಳಕ್ಕೆ ಇಳಿಯಿತು. ಗಾಬರಿಯಾಗಿ ಇನ್ನೊಮ್ಮೆ ಮೆಲ್ಲಗೆ ಒತ್ತಿ ನೋಡಿದರು. ನೆನೆದ ರಟ್ಟಿನ ಹಾಗೆ ಮೆತ್ತಗಿತ್ತು. ನೆಲಕ್ಕೆ ಬಿಟ್ಟರೆ ಮುಂಗಾಲುಗಳು ನಡೆಯುತ್ತಿದ್ದವು, ಹಿಂಗಾಲುಗಳು ಸುಮ್ಮನೆ ಎಳೆದುಕೊಂಡು ಬರುತ್ತಿದ್ದವು.

"ರಕ್ಷಾ, ಒಂದು ಆಟೋ ಕರಿಯೇ," ಎಂದು ಸೊಸೆಯನ್ನು ಕೂಗಿದರು.

"ಅತ್ತೆ, ಅದನ್ನ ಉತ್ತರದ ಮೂಲೆಯಿಂದ ಅಲ್ಲಾಡಿಸಬಾರದು ಅಂದಿದಾರೆ ಅವರು."

"ಅವನು ಅಂದಿದಾನೆ. ನಾನು ಅಂದಿಲ್ಲ."

ಅವನು ಎಂದರೆ ಮಗ ಕಿಟ್ಟಿ, ಸೈಟು ಕೊಡಿಸುವ ದಳ್ಳಾಳಿ. ಬಸವೇಶ್ವರನಗರದ ಈ ಮನೆಯ ಉತ್ತರದ ಮೂಲೆಯಲ್ಲಿ ಜೀವಂತ ಆಮೆ ಇಟ್ಟರೆ ವ್ಯಾಪಾರ ಕುದುರುತ್ತದೆ ಎಂದು ವಾಸ್ತುವಿನವನೊಬ್ಬ ಅವನಿಗೆ ಹೇಳಿದ್ದ. ಕುದುರಿತ್ತು ಕೂಡ. ಆ ವರ್ಷ ಊರಲ್ಲೆಲ್ಲ ಸೈಟಿನ ಬೆಲೆ ಏರಿತ್ತು ಎಂಬ ಮಾತು ಮಾತ್ರ ಯಾರ ಬಾಯಿಗೂ ಬರಲಿಲ್ಲ. ಆ ಮೂಲೆಗೆ ಟ್ಯೂಬ್‌ಲೈಟಿನದು ಬಿಟ್ಟರೆ ಬೇರೆ ಬೆಳಕಿಲ್ಲ. ಊಟಕ್ಕೆ ನೆನೆಸಿದ ಅವಲಕ್ಕಿ, ಸೌತೆಕಾಯಿ. ಈರುಳ್ಳಿಯೂ ಹೊಸಿಲು ದಾಟದ ಮನೆಗೆ ಬಂದ ಮೇಲೆ ಆಮೆಯೂ ಮಡಿಯಲ್ಲೇ ಬಾಳಬೇಕಿತ್ತು.

ವಿಜಯನಗರದ ಪ್ರಾಣಿವೈದ್ಯೆ ಅಪೂರ್ವ ಚಿಪ್ಪಿನ ಅಂಚು ಸವರಿ, ದವಡೆ ಮುಟ್ಟಿ, ಎಕ್ಸ್‌ರೇ ತೆಗೆದು ನೋಡಿದಳು.

"ಮೂಳೆ ಕಾಯಿಲೆ, ಆಂಟಿ. ಬಿಸಿಲಿಲ್ಲ, ಕ್ಯಾಲ್ಶಿಯಂ ಇಲ್ಲ. ಊಟದಲ್ಲಿ ಸಿಗದೇ ಇರೋದನ್ನ ಮೈ ತನ್ನ ಮೂಳೆಯಿಂದಾನೇ ಕಿತ್ಕೊಳ್ತಾ ಇದೆ. ಚಿಪ್ಪಿನ ಅಂಚು ಮೇಲಕ್ಕೆ ತಿರುಗಿದೆ ನೋಡಿ, ಆವಾಗ್ಲೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು."

"ಇನ್ಮೇಲೆ ಕಿಟಕಿ ಹತ್ರ ಇಡ್ತೀನಮ್ಮ."

"ಗಾಜಿಂದ ಒಳಗೆ ಬರೋ ಬಿಸಿಲು ಪ್ರಯೋಜನ ಇಲ್ಲ. ಮೈ ಮೇಲೆ ನೇರ ಬೀಳ್ಬೇಕು. ಅರ್ಧ ನೆರಳಿರ್ಲಿ, ಹತ್ತಿ ಕೂರಕ್ಕೆ ಒಂದು ಕಲ್ಲಿರ್ಲಿ. ಸೊಪ್ಪು ಹಾಕಿ, ಆಮೆ ಫುಡ್ ಹಾಕಿ. ಔಷಧಿ ನಾನು ಕೊಡ್ತೀನಿ. ಗ್ರಂಧಿಗೆ ಅಂಗಡೀಲಿ ಸಮುದ್ರದ ನೊರೆ ಅಂತ ಸಿಗತ್ತಲ್ಲ, ಅದನ್ನ ತುರಿದು ಸೊಪ್ಪಿನ ಮೇಲೆ ಉದುರಿಸಿ. ಹೆಸರಿಗಷ್ಟೇ ನೊರೆ, ಅದು ಕಡಲಪ್ರಾಣಿ ಮೂಳೆ. ನಿಮ್ಮನೇಲಿ ನಡಿಯತ್ತಾ?"

ಅನಂತಲಕ್ಷ್ಮಿ ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟಿದವರಲ್ಲ. "ಬದುಕತ್ತಾ?" ಎಂದು ಕೇಳಿದರು.

"ಸೊಟ್ಟ ಆಗಿರೋದು ಸೊಟ್ಟಾನೇ. ಆದ್ರೆ ಗಟ್ಟಿಯಾಗ್ಬಹುದು. ಹೀಗೇ ಬಿಟ್ರೆ ಮಾತ್ರ ಉಳಿಯಲ್ಲ."

"ನಡಿಯತ್ತೆ," ಎಂದರು.

ಆಟೋದಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಾಗ ಅವರಿಗೆ ಅಳು ಬಂತು. ದಿನಾ ಅವಲಕ್ಕಿ ಹಾಕಿದ್ದು ತಮ್ಮದೇ ಕೈ. ಅಳುವಿನ ಬೆನ್ನಿಗೇ ಸಿಟ್ಟು ಬಂತು, ಅದು ಮನೆ ತಲುಪಿದರೂ ಇಳಿಯಲಿಲ್ಲ.

ಮನೆಗಳು ಒತ್ತೊತ್ತಾಗಿ ನಿಂತ ಆ ಬೀದಿಯಲ್ಲಿ ಅವರ ಮನೆಗೆ ಬಿಸಿಲು ಬೀಳುವುದು ಒಂದೇ ಕಡೆ, ಕಿಟ್ಟಿ ಕಾರು ನಿಲ್ಲಿಸುವ ಜಾಗದಲ್ಲಿ. ಅದು ಆಗ್ನೇಯ. ಮರುದಿನ ಬೆಳಿಗ್ಗೆ ಅವನು ಯಾರಿಗೋ ಸೈಟು ತೋರಿಸಲು ಬ್ಯಾಡರಹಳ್ಳಿಗೆ ಹೋದದ್ದೇ ತಡ, ಅತ್ತೆ ಸೊಸೆ ಸೇರಿ ಅಲ್ಲಿಗೆ ದೊಡ್ಡ ಟಬ್ಬು ಎಳೆದು ತಂದರು. ನೀರು ತುಂಬಿ, ಚಪ್ಪಡಿ ಕಲ್ಲಿಟ್ಟು, ಅರ್ಧಕ್ಕೆ ಮೊರ ಮುಚ್ಚಿದರು.

"ಅತ್ತೆ, ಅವರು ಬಂದ್ರೆ?"

"ಬರ್ಲಿ."

ಬಂದ. ಗೇಟಿನ ಹೊರಗಿಂದ ಹಾರ್ನ್ ಹೊಡೆದ. ಯಾರೂ ಏಳದಿದ್ದಾಗ ಇಳಿದು ಒಳಗೆ ಬಂದ.

"ಅಮ್ಮಾ! ಅಗ್ನಿ ಮೂಲೇಲಿ ನೀರಾ? ಮನೆ ಹಾಳಾಗತ್ತೆ!"

"ಉತ್ತರದಲ್ಲಿಟ್ಟು ಇದರ ಬೆನ್ನು ಹಾಳಾಯ್ತಲ್ಲೋ, ಅದು ಗೊತ್ತಾಯ್ತಾ ನಿಂಗೆ?"

"ಸಂಜೆ ಅಗ್ರಿಮೆಂಟ್ ಇದೆ. ಇವತ್ತೊಂದಿನ ಒಳಗಿಡು, ಕೈ ಮುಗೀತೀನಿ."

"ಕೂರ್ಮಾವತಾರ ಅಂತ ತಂದೋನು ನೀನು. ಮಂದರ ಪರ್ವತ ಹೊತ್ತ ಬೆನ್ನು ಕಣೋ ಅದು, ನನ್ನ ಹೆಬ್ಬೆರಳಿಗೆ ಕುಸೀತು. ಗಾಡಿ ರೋಡಲ್ಲೇ ಇರ್ಲಿ."

ಕಿಟ್ಟಿಯ ಕಣ್ಣು ಅಮ್ಮನ ಕೈಯಲ್ಲಿದ್ದ ಬಿಳಿ ಚಕ್ಕೆಯ ಮೇಲೆ ಬಿತ್ತು. ಇನ್ನೊಂದು ಕೈಯಲ್ಲಿ ಅಡುಗೆಮನೆಯ ಚಾಕು.

"ಏನದು?"

"ಮೂಳೆ."

"ಏನು?"

"ಮೂಳೆ ಕಣೋ. ಸಮುದ್ರದ ಪ್ರಾಣೀದು."

"ನಮ್ಮನೇಲಾ? ನಿನ್ನ ಕೈಯಲ್ಲಾ?"

"ನನ್ನ ಕೈಯಲ್ಲೇ. ನಿಂಗೆ ಮೈಲಿಗೆ ಅನ್ಸಿದ್ರೆ ಸ್ನಾನ ಮಾಡ್ಕೊಂಡು ಒಳಗೆ ಹೋಗು."

ಎದುರುಮನೆಯ ಮಹಡಿಯಿಂದ ಯಾರೋ ಬಗ್ಗಿ ನೋಡಿದರು. ಕಿಟ್ಟಿ ಮುಖ ಕೆಂಪಗೆ ಮಾಡಿಕೊಂಡು ಟಬ್ಬಿನ ಅಂಚಿಗೆ ಕೈ ಹಾಕಿದ. ಅನಂತಲಕ್ಷ್ಮಿ ತಮ್ಮ ಸ್ಟೂಲನ್ನು ಅವನಿಗೂ ಟಬ್ಬಿಗೂ ನಡುವೆ ಎಳೆದು, ದೊಪ್ಪನೆ ಕೂತರು.

"ಎತ್ತು ನೋಡೋಣ."

ಅವನು ಹೆಂಡತಿಯ ಕಡೆ ನೋಡಿದ. ರಕ್ಷಾ ಅವನನ್ನು ದಾಟಿ ಹೋಗಿ, ಕಾರು ಹೊರಗಿರುವಂತೆಯೇ ಗೇಟು ಮುಚ್ಚಿ ಅಗುಳಿ ಹಾಕಿದಳು.

ಕಿಟ್ಟಿ ಚಪ್ಪಲಿ ಕಳಚದೆಯೇ ಒಳಗೆ ಹೋಗಿಬಿಟ್ಟ. ಆಮೆ ಮುಂಗಾಲಿನಿಂದ ಕಲ್ಲನ್ನು ಹಿಡಿದು, ಜಾರಿ, ಮತ್ತೆ ಹಿಡಿಯಿತು. ಅನಂತಲಕ್ಷ್ಮಿ ಅದರತ್ತ ಕೈ ಚಾಚಲಿಲ್ಲ, ಕೊಬ್ಬರಿ ಹೆರೆಯುವಷ್ಟೇ ನಿಧಾನವಾಗಿ ಚಾಕುವಿನಿಂದ ಮೂಳೆ ಹೆರೆಯುತ್ತ ಕೂತರು. ಪುಡಿ ಸೊಪ್ಪಿನ ಮೇಲೆ ಬೀಳುತ್ತಿತ್ತು, ಮಡಿ ಸೀರೆಯ ನೆರಿಗೆಗೂ ಬೀಳುತ್ತಿತ್ತು. ಅವರು ಕೊಡವಿಕೊಳ್ಳಲಿಲ್ಲ.