ಇರುವೆಯ ದಾರಿ

ಕತ್ತರಿ ತನ್ನ ಪಾಡಿಗೆ ಕರಕರ ಎನ್ನುತ್ತ ಹೋಗುತ್ತಿತ್ತು. ಟೈಲರಮ್ಮ ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು, "ಹೂಂ ಮೇಡಂ, ಸಂಜೆ ಬನ್ನಿ, ಹಾಕ್ಕೊಂಡು ನೋಡೋಕೆ ಒಂದು ಆಕಾರಕ್ಕೆ ಬಂದಿರುತ್ತೆ" ಎಂದು ವಕೀಲಮ್ಮನಿಗೆ ಮಾತು ಕೊಡುತ್ತಲೇ, ಅವರ ಕರಿ ಕೋಟಿನ ಬಟ್ಟೆ ಕತ್ತರಿಸುತ್ತಿದ್ದಳು. ಫೋನು ಕೆಳಗಿಟ್ಟಾಗ ಕಣ್ಣಿಗೆ ಬಿತ್ತು. ತೋಳಿನ ಸುತ್ತಿನಿಂದ ಕಂಕುಳಿಗೆ ಇಳಿಯಬೇಕಾಗಿದ್ದ ಕತ್ತರಿ ಎದೆಯ ಕಡೆಗೆ ತಿರುಗಿ, ಸೊಂಟ ದಾಟಿ, ಕೆಳಗಿನ ಅಂಚಿನವರೆಗೂ ಬಂದುಬಿಟ್ಟಿತ್ತು. ಮಡಿಸಿ ಹಾಸಿದ್ದ ಬಟ್ಟೆ. ಎಡ, ಬಲ ಎರಡೂ ಒಟ್ಟಿಗೇ ಹೋಗಿದ್ದವು.

ಅವಳು ಬಟ್ಟೆಯ ಮೇಲೆ ಬಗ್ಗಿ ನೋಡಿದಳು. ಗೆರೆ ಇದ್ದದ್ದೇನೋ ನಿಜ. ಬೆಳ್ಳಗೆ, ನಡುಗದೆ, ಎಲ್ಲೂ ಕಡಿಯದೆ ಇತ್ತು. ಆದರೆ ಅದು ಅವಳು ಎಳೆದ ಗೆರೆಯಲ್ಲ.

ಮೇಜಿನ ಪಕ್ಕದ ಸ್ಟೂಲಿನ ಮೇಲೆ ಮಗಳು ನಿಂತಿದ್ದಳು. ಬೆರಳಿಗೆಲ್ಲ ಚಾಕ್‌ಪೀಸಿನ ಪುಡಿ. ಮುಖ ಇಷ್ಟಗಲ.

"ಅಮ್ಮಾ, ಇರುವೆ ಮನೆ ಸೇರ್ತು!"

ಈ ಇರುವೆ ಆಟ ಹುಟ್ಟಿಸಿದ್ದು ಟೈಲರಮ್ಮನೇ. ಮಗುವಿನ ಕೈಯಲ್ಲಿ ಹಿಡಿತವಿರಲಿಲ್ಲ. ಚಮಚ ಕೊಟ್ಟರೆ ಜಾರುತ್ತಿತ್ತು, ಪೆನ್ಸಿಲು ಕೊಟ್ಟರೆ ಉರುಳುತ್ತಿತ್ತು. ಸೇರಿಸಲು ಕರೆದುಕೊಂಡು ಹೋದಾಗ ಶಾಲೆಯವರು, "ಒಂದು ಗೆರೆ ಎಳೆಯೋ ಹಾಗಾಗ್ಲಿ, ಮುಂದಿನ ತಿಂಗಳು ನೋಡೋಣ" ಎಂದು ವಾಪಸು ಕಳಿಸಿದ್ದರು. ಅಂದಿನಿಂದ ಅವಳು ಅಳತೆ ಕತ್ತರಿಸಿ ಉಳಿದ ಕಂದು ಕಾಗದದ ಮೇಲೆ ಈ ಕಡೆ ಒಂದು ಚುಕ್ಕಿ, ಆ ಕಡೆ ಒಂದು ಚೌಕ ಬರೆದು, ಸವೆದ ಚಾಕ್‌ಪೀಸು ಕೈಗಿಡುತ್ತಿದ್ದಳು. "ಇದು ಇರುವೆ, ಅದು ಅದರ ಮನೆ. ಮನೆ ಸೇರೋವರೆಗೂ ಚಾಕ್ ಎತ್ತಬಾರದು." ಮೊದಮೊದಲು ಇರುವೆಗಳೆಲ್ಲ ದಾರಿ ತಪ್ಪಿ ಕಾಗದದಿಂದ ಉರುಳಿ ನೆಲಕ್ಕೆ ಬೀಳುತ್ತಿದ್ದವು. ಇವತ್ತು ಒಲೆಯ ಮೇಲಿನ ಹಾಲು ಇಳಿಸಲು ತಾಯಿ ಎದ್ದು ಹೋದಾಗ, ಅವಳು ಕೋಟಿನ ಬಟ್ಟೆಯ ಮೇಲೆ ಅರ್ಧಕ್ಕೆ ನಿಲ್ಲಿಸಿದ ಗೆರೆಯಿಂದಲೇ ಒಂದು ಇರುವೆ ಹೊರಟು ಗಟ್ಟಿಯಾಗಿ ನಡೆದುಬಿಟ್ಟಿತ್ತು.

ಅತ್ತೆ ಮಂಚದಿಂದ ಎದ್ದು ಬಂದರು. "ಬಡ್ಕೊಂಡೆ ಕಣೇ, ಮಗು ಕೈಗೆ ಆ ಚಾಕ್ ಕೊಡಬೇಡ ಅಂತ! ಹೊಲಿಯೋ ಮನೇಲಿ ಪಾಠ ಬೇರೆ ಕೇಡು. ಈಗ ವಕೀಲಮ್ಮನಿಗೆ ಏನು ತೋರಿಸ್ತೀಯ, ನಿನ್ನ ಮುಖಾನಾ?"

ಟೈಲರಮ್ಮ ಮಗಳ ಕೈಯಿಂದ ಚಾಕ್‌ಪೀಸು ಕಿತ್ತು ಗೋಡೆಗೆ ಎಸೆದಳು. ಅದು ಎರಡಾಗಿ ಬಿತ್ತು. ಮಗು ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಹಾಕಿಕೊಂಡಿತು.

ಸಂಜೆ ವಕೀಲಮ್ಮ ಬಂದಾಗಲೂ ಆ ಕೈಗಳು ಅಲ್ಲೇ ಇದ್ದವು.

"ಇದೇನ್ರೀ ಇದು?"

"ಕೋಟು, ಮೇಡಂ."

"ಕೋಟೋ, ಕೋಟಿನ ಚೂರೋ? ನಾಳೆ ಬೆಳಗ್ಗೆ ನಾನು ಕೋರ್ಟಲ್ಲಿ ನಿಲ್ಲಬೇಕು."

"ಎಲ್ಲಾ ಈ ಮೊಮ್ಮಗಳ ಪ್ರತಾಪ ಕಣಮ್ಮ—" ಎಂದು ಅತ್ತೆ ಶುರು ಮಾಡಿದರು.

"ಅಲ್ಲ ಮೇಡಂ," ಎಂದಳು ಟೈಲರಮ್ಮ. "ಕತ್ತರಿ ನನ್ನ ಕೈಲಿತ್ತು. ನೋಡದೆ ಕತ್ತರಿಸಿದ್ದು ನಾನು."

ವಕೀಲಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದರು. ಸಾಕ್ಷಿಗಳನ್ನು ನೋಡಿ ಅಭ್ಯಾಸವಾದ ಕಣ್ಣು. ಕೊನೆಗೆ ಸೀಳಿದ ಅಂಚಿನ ಮೇಲೆ ಉಗುರು ಆಡಿಸಿದರು. "ಈಗೇನು ದಾರಿ?"

"ಮಗ್ಗುಲಲ್ಲಿ ಬಟ್ಟೆ ಹೆಚ್ಚಿಗೆ ಬಿಟ್ಟಿದೀನಿ, ಹೊಲಿಗೆಗೆ ಹೋದಷ್ಟು ಅಲ್ಲಿ ಸಿಗುತ್ತೆ. ಇದೇ ಗೆರೆ ಮೇಲೆ ಸೇರಿಸಿ ಹೊಲೀತೀನಿ. ಎರಡೂ ಕಡೆ ಸಮ ಬಂದಿದೆ, ಮೈಗೆ ಕೂರುತ್ತೆ."

"ಕೂರ್ಲಿಲ್ಲ ಅಂದ್ರೆ ಬೇರೆ ಬಟ್ಟೆ ನೀವು ತರ್ತೀರಿ. ಬೇರೆ ಟೈಲರ್‌ನ ನಾನು ನೋಡ್ಕೋತೀನಿ." ಚಪ್ಪಲಿ ಮೆಟ್ಟಿ ಹೊರಟುಹೋದರು.

ಟೈಲರಮ್ಮ ಮಿಷನ್ನಿಗೆ ಕೂರುವ ಮುಂಚೆ ನೆಲದ ಮೇಲೆ ಕಂದು ಕಾಗದ ಹಾಸಿದಳು. ಚುಕ್ಕಿ, ಚೌಕ. ಮುರಿದ ಚಾಕ್‌ಪೀಸಿನ ತುಂಡನ್ನು ಚುಕ್ಕಿಯ ಪಕ್ಕ ಇಟ್ಟಳು.

"ಬಾ ಪುಟ್ಟಿ. ಇರುವೆ ಕಾಯ್ತಿದೆ."

ಮಗು ಕದಲಲಿಲ್ಲ. "ಬೇಡ. ಕತ್ತರಿ ಬರುತ್ತೆ."

ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದರು, ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಹೋಗಿ ದಿಂಬಿನ ಕೆಳಗಿಟ್ಟು, ದಿಂಬಿನ ಮೇಲೆ ಕೂತರು. "ಎಲ್ಲಿಂದ ಬರುತ್ತೋ ನೋಡ್ತೀನಿ," ಎಂದು ಗೊಣಗಿದರು.

ಟೈಲರಮ್ಮ ಮಗುವಿಗೆ ಬೆನ್ನು ಮಾಡಿ ಮಿಷನ್ ತುಳಿದಳು. ಕರಿ ಬಟ್ಟೆಯ ಎರಡು ಅಂಚುಗಳು ಸೂಜಿಯ ಕೆಳಗೆ ಒಂದಾಗುತ್ತ ಬಂದವು. ಗೆರೆ ಎಲ್ಲೂ ಕೈಕೊಡಲಿಲ್ಲ. ಸೊಂಟದ ತಿರುವಿನ ಹತ್ತಿರ ಅವಳು ಕಾಲು ನಿಲ್ಲಿಸಿದಳು. ಹಿಂದೆ ಏನೂ ಕೇಳಿಸುತ್ತಿಲ್ಲ. ತಿರುಗಬೇಕೆಂದು ಕತ್ತು ಎಳೆಯಿತು.

ಎದುರಿನ ಮಂಚದಿಂದ ಅತ್ತೆ ಬೆರಳೆತ್ತಿ, ಬೇಡ ಎಂದರು. ಅವರ ಕಣ್ಣು ನೆಲದ ಮೇಲಿನ ಕಾಗದದಲ್ಲಿತ್ತು. ಉಸಿರು ಬಿಗಿಹಿಡಿದ ಆ ಮುಖ ಚುಕ್ಕಿಯ ಕಡೆಯಿಂದ ಚೌಕದ ಕಡೆಗೆ ನಿಧಾನವಾಗಿ ತಿರುಗುತ್ತ ಹೋಯಿತು.