ಎಳ್ಳಮಾವಾಸ್ಯೆಯ ದಿನ ನಡುಗದ ನೆಲ

ನೆಲದೊಳಗಿಂದ ಸದ್ದು ಬಂದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ಕಮಲಾಪುರದ ಹತ್ತಿರದ ಆ ಊರಿನಲ್ಲಿ ಮಳೆಗಾಲ ಮುಗಿದಾಗಿನಿಂದ ಆಗೊಮ್ಮೆ ಈಗೊಮ್ಮೆ ‘ಧಡ್’ ಎನ್ನುವ ಸದ್ದು. ಅಡುಗೆಮನೆಯ ಡಬ್ಬಿಗಳು ಗಲಗಲ ಅನ್ನುತ್ತಿದ್ದವು. ದತ್ತಪ್ಪನ ಮನೆಯಲ್ಲಿ ಪಡಸಾಲೆಯ ಗೋಡೆ ಒಂದು ಕಡೆ ಸೀಳಿತ್ತು.

ಅಷ್ಟರಲ್ಲಿ ಊರ ಮಂದಿಯ ಫೋನಿಗೆ ಒಂದು ವಿಡಿಯೊ ಬಂತು. ಬೆಟ್ಟದ ತುದಿಯಿಂದ ಬೆಂಕಿ ಚಿಮ್ಮುತ್ತಿದೆ. ಕೆಳಗೆ ಯಾರೋ ಬರೆದಿದ್ದಾರೆ: ಕಮಲಾಪುರದ ನೆಲದಡಿ ಜ್ವಾಲಾಮುಖಿ ಎದ್ದಿದೆ, ಮನೆಯೊಳಗೆ ಮಲಗಬೇಡಿ, ಎಲ್ಲರಿಗೂ ಕಳಿಸಿ.

ಬರೆದವನಿಗೆ ಏನು ಹೋಯಿತು? ಅವನು ತನ್ನ ಮನೆಯಲ್ಲಿ ಬೆಚ್ಚಗೆ ಹೊದ್ದು ಮಲಗಿರುತ್ತಾನೆ. ಇತ್ತ ದತ್ತಪ್ಪ ಮನೆಗೆ ಕೀಲಿ ಹಾಕಿ, ಹೆಂಡತಿ ವಿಜಯಶ್ರೀ ಮತ್ತು ಮಗಳು ಸೃಷ್ಟಿಯೊಂದಿಗೆ ಹೊಲದಲ್ಲಿ ತಾಡಪತ್ರಿಯ ಗುಡಾರ ಕಟ್ಟಿಕೊಂಡ. ಪುಷ್ಯದ ಚಳಿ. ಸೃಷ್ಟಿಗೆ ಮೊದಲಿನಿಂದಲೂ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತದೆಂದು ಮಗು ಅವ್ವನ ಎದೆಗೆ ಒರಗಿ ಕೂತೇ ಬೆಳಗು ಮಾಡುತ್ತಿತ್ತು.

“ಮನಿಗಿ ಹೋಗೂಣ್ರಿ. ಕೂಸಿನ ಎದಿ ಸೀಟಿ ಹೊಡಿಲಾಕತ್ತದ,” ವಿಜಯಶ್ರೀ ಅಂಗಲಾಚಿದಳು.

“ಹೋಗೂಣು. ಬೆಂಕಿ ಉಕ್ಕಿ ಬಂದ್ರ ಏನ್ ಮಾಡ್ತಿ? ಕೊಡದಾಗ ನೀರು ತಂದು ಆರಸ್ತಿಯೇನು?”

“ತ್ರಿವೇಣಿಗಿ ಕೇಳೂಣು. ಅಕಿ ಕೆಲಸನೇ ಅದು ಅಲಾ?”

ತ್ರಿವೇಣಿ ವಿಜಯಶ್ರೀಯ ತಂಗಿ. ಕಲಬುರಗಿಯಲ್ಲಿ ಭೂಕಂಪ ದಾಖಲಿಸುವ ಕಚೇರಿಯಲ್ಲಿ ನೌಕರಿ. ಮರುದಿನ ಸೃಷ್ಟಿಯನ್ನು ಕಲಬುರಗಿಯ ಡಾಕ್ಟರಿಗೆ ತೋರಿಸಿ, ಹಾಗೇ ಮೂವರೂ ಅವಳ ಕಚೇರಿಗೆ ಹೋದರು.

“ಬರ್ರಿ ಬರ್ರಿ, ಜ್ವಾಲಾಮುಖಿ ಮಾಲಕರು!” ಅಕ್ಕನ ಗಂಡನನ್ನು ಕೆಣಕದೆ ಬಿಟ್ಟರೆ ಅವಳು ತ್ರಿವೇಣಿಯೇ ಅಲ್ಲ.

“ನಗಬ್ಯಾಡ ನೀ. ಮೊದಲ ಇದು ನೋಡು.” ದತ್ತಪ್ಪ ಫೋನು ಚಾಚಿದ.

“ಈ ಬೆಟ್ಟದ ಹಿಂದ ಏನ್ ಕಾಣಸ್ತದ ಮಾಮಾ?”

“ನೀರು.”

“ಸಮುದ್ರರೀ ಅದು! ಕಮಲಾಪುರಕ್ಕ ಸಮುದ್ರ ಯಾವಾಗ ಬಂತು? ನನಗ ಒಂದು ಮಾತು ಹೇಳಬಾರದಾ?”

ವಿಜಯಶ್ರೀ ಸೆರಗು ಬಾಯಿಗೊತ್ತಿ ನಕ್ಕಳು. ದತ್ತಪ್ಪ ನಗಲಿಲ್ಲ. “ಹಂಗಾದ್ರ ಸದ್ದು ಸುಳ್ಳೇನು? ಗ್ವಾಡಿ ಸೀಳಿದ್ದು ಸುಳ್ಳೇನು?”

“ಅದು ಖರೇ ಅದ. ಸಣ್ಣ ಭೂಕಂಪ ನಮ್ಮ ಕಡೆ ಆಗ್ತಾವ. ಜ್ವಾಲಾಮುಖಿ ಮಾತ್ರ ಇಲ್ಲ. ನಿಮ್ಮ ಹೊಲದಾಗ ಕರಿ ಕಲ್ಲು ಅದ ಅಲ್ರಿ, ಅದು ಕೋಟಿಗಟ್ಟಲೆ ವರ್ಷದ ಹಿಂದ ಉಕ್ಕಿದ ಬೆಂಕಿರಸ. ಆರಿ ಕಲ್ಲಾಯ್ತು. ಕಲ್ಲು ಸವೆದು ಎರಿ ಮಣ್ಣಾಯ್ತು. ಅದರಾಗೇ ನೀವು ತೊಗರಿ ಬಿತ್ತೋದು.”

“ಜ್ವಾಲಾಮುಖಿ ಇರೋ ಕಡೆ ಮಂದಿ ಹ್ಯಾಂಗ ಇರ್ತಾರ?” ವಿಜಯಶ್ರೀ ಕೇಳಿದಳು.

“ಹಗಲೂ ರಾತ್ರಿ ಕಾವಲು ಇರ್ತದ ಅಕ್ಕ. ಉಕ್ಕೋಕಿಂತ ಮೊದಲ ನೆಲ ಸಣ್ಣಗ ನಡಗಲಾಕ ಸುರು ಮಾಡ್ತದ, ಬೆಟ್ಟ ಜರಾ ಉಬ್ಬತದ, ಹೊಗಿ ಬದಲಾಗ್ತದ. ಯಂತ್ರಗಳು ಅದನ್ನ ಹಿಡೀತಾವ. ಹಿಂಗ ಮೊದಲೇ ತಿಳಿದು ಎಷ್ಟೋ ಊರಿನ ಮಂದಿ ಜೀವ ಉಳಿಸ್ಕೊಂಡಾರ. ನೆಲದ ನಡುಕ ಅಳೆಯೋ ಅಂಥದೇ ಯಂತ್ರ ನಿಮ್ಮೂರ ಸಾಲಿ ಹಿಂದ ಕೂಡಿಸೀವಿ.”

“ಮತ್ತ ಅದು ಏನಂತದ? ಕೂಸಿನ ಕರಕೊಂಡು ಮನ್ಯಾಗ ಹೋಗಬಹುದಾ?”

ತ್ರಿವೇಣಿಯ ಮುಖದ ನಗು ಹೋಯಿತು. ಕಂಪ್ಯೂಟರಿನಲ್ಲಿ ಆ ಯಂತ್ರ ಬರೆದ ಒಂದಿಷ್ಟು ಗೆರೆಗಳನ್ನು ತೋರಿಸಿದಳು. ಗೆರೆಗಳೆಲ್ಲ ಹುಲ್ಲಿನ ಬಣವೆಯಂತೆ ಕೆದರಿದ್ದವು.

“ನಿಮ್ಮೂರ ನೆಲ ಮುಂಜಾನಿ ಆದ್ರ ನಡಗ್ತದ. ಊಟದ ಹೊತ್ತಿಗೆ ಬಂದ್. ಊಟ ಆದ ಮ್ಯಾಲ ಮತ್ತ ಸುರು. ಎಳ್ಳಮಾಸಿ ದಿನ ನೋಡ್ರಿ, ಗೆರಿ ಅಲುಗೇ ಇಲ್ಲ. ನೀವೆಲ್ಲ ಹೊಲದಾಗ ಕುಂತು ಸಜ್ಜಿ ರೊಟ್ಟಿ, ಭಜ್ಜಿ ಉಂಡ್ರಿ. ಭೂಮಿತಾಯಿನೂ ಅವತ್ತು ಸೂಟಿ ತೊಗೊಂಡ್ಳಾ ಮಾಮಾ?”

ವಿಜಯಶ್ರೀ ತನ್ನ ಅಂಗೈ ನೋಡಿಕೊಂಡಳು. ಕಟ್ಟಿಗೆ ಹಿಡಿದು ಬಡಿದು ಬಡಿದು ಗುಳ್ಳೆ ಎದ್ದಿದ್ದವು.

“ತೊಗರಿ,” ಅಂದಳು ಮೆಲ್ಲಗೆ.

ಶಾಲೆಯ ಹಿಂದೆ ತಂತಿ ಬೇಲಿ. ಒಳಗೆ, ಯಂತ್ರ ಹುಗಿದ ಜಾಗದ ಮೇಲೆ, ನುಣ್ಣನೆಯ ಸಿಮೆಂಟ್ ಕಟ್ಟೆ. ಕಸವಿಲ್ಲ, ಹೆಂಟೆಯಿಲ್ಲ, ಒಂದು ಕಾಳೂ ಮಣ್ಣುಪಾಲಾಗುವುದಿಲ್ಲ. ತಂತಿಯನ್ನು ಮೊದಲು ಎತ್ತಿದವನು ದತ್ತಪ್ಪನೇ. ಆಮೇಲೆ ಇಡೀ ಓಣಿ ಸರದಿಯ ಮೇಲೆ ಅಲ್ಲೇ ತೊಗರಿ ಬಡಿಯುತ್ತಿತ್ತು.

ತ್ರಿವೇಣಿ ಸಿಡಿದಳು. “ಊರಿಗೊಂದು ಕಿವಿ ಇಟ್ಟೀವಿ. ನೀವು ಆ ಕಿವಿ ಮ್ಯಾಲೇ ಬಡಿತೀರಿ! ಖರೇ ನಡುಕ ಈ ಗದ್ದಲದಾಗ ಹ್ಯಾಂಗ ಹುಡಕಲಿ? ಕೂಸು ಚಳಿಯಾಗ ಸಾಯಲಾಕತ್ತದ. ಮನಿಗಿ ಹೋಗಬಹುದಾ ಅಂದ್ರ ನನಗ ಹೇಳಲಾಕ ಬರವಲ್ದು!”

ದತ್ತಪ್ಪನೂ ಎದ್ದು ನಿಂತ. “ಬೇಲಿಗಿ ಬೋರ್ಡ್ ಹಾಕೀರಿ, ಅದೂ ಇಂಗ್ಲಿಷಿನಾಗ! ಇದು ಏನು, ಯಾಕ ಅಂತ ಊರಾಗ ಒಬ್ಬರಿಗರ ಹೇಳೀರೇನು? ಕಳ್ಳರಂಗ ಬಂದು ಹುಗದು ಹೋದ್ರಿ. ಈಗ ನನಗ ಬೈತಿ!”

ತ್ರಿವೇಣಿ ದತ್ತಪ್ಪನ ಕಡೆ ಕುರ್ಚಿ ಸರಿಸಿದಳು. “ಅದು ನಮ್ಮ ತಪ್ಪದ ಮಾಮಾ,” ಅಂದಳು. “ನಾನೇ ಬರ್ತೀನಿ. ಊರ ಮಂದಿನ್ನ ಕೂಡಸ್ರಿ.”

ಮಾತಿನಂತೆ ಬಂದಳು. ಶಾಲೆಯ ಅಂಗಳದಲ್ಲಿ ಎಲ್ಲರಿಗೂ ತಿಳಿಸಿ ಹೇಳಿದಳು. ಕನ್ನಡದ ಬೋರ್ಡು ಬಂತು. ತೊಗರಿ ಬಡಿಯುವುದು ಹೊಲದ ಕಣಕ್ಕೆ ಹೋಯಿತು. ಕಾಳಿನ ಜೊತೆ ಒಂದಿಷ್ಟು ಮಣ್ಣೂ ಬಂತು, ಕೇರಿದರೆ ಹೋಗುತ್ತದೆ.

ಕೆಲವು ದಿನಗಳ ಮೇಲೆ ಮತ್ತೆ ‘ಧಡ್’. ಈ ಸಲ ಹಿಂದೆಯೇ ತ್ರಿವೇಣಿಯ ಫೋನು.

“ಸಿಕ್ತು ಮಾಮಾ! ಚೊಕ್ಕ ಸಿಕ್ತು. ಸಣ್ಣ ಭೂಕಂಪ ಅದ. ಮುಂದಿಂದು ಯಾವಾಗ ಅಂತ ಯಾರಿಗೂ ಹೇಳಲಾಕ ಬರಂಗಿಲ್ಲ, ಈ ಯಂತ್ರಕ್ಕೂ ಬರಂಗಿಲ್ಲ. ಆದದ್ದು ಎಲ್ಲಿ, ಎಷ್ಟು ಅಂತ ಮಾತ್ರ ಖರೇ ಹೇಳ್ತದ. ಇಂಜಿನಿಯರಿಗಿ ಕಳಸ್ತೀನಿ, ಮನಿ ತೋರಸ್ರಿ.”

ಇಂಜಿನಿಯರು ಬಂದು ಮನೆಯ ಗೋಡೆಗಳನ್ನೆಲ್ಲ ತಟ್ಟಿ ನೋಡಿದರು. ಪಡಸಾಲೆಯ ಗೋಡೆ ಬಿಚ್ಚಿ ಕಟ್ಟಿಸಿ, ಅಲ್ಲಿಯವರೆಗೆ ಆ ಕಡೆ ಯಾರೂ ಮಲಗಬೇಡಿ, ಒಳಗಿನ ಕೋಣೆ ಗಟ್ಟಿ ಇದೆ ಎಂದರು. ದತ್ತಪ್ಪ ತಾಡಪತ್ರಿ ಬಿಚ್ಚಿದ. ಅಂದು ಸೃಷ್ಟಿ ಕಾಲು ಚಾಚಿ ಮಲಗಿತು.

ಮರುದಿನ ನೆರೆಮನೆಯ ಅಂಬಮ್ಮ ತೊಗರಿಯ ಹೊರೆ ಹೊತ್ತು ಶಾಲೆಯ ಹಿಂದೆ ನಡೆದಿದ್ದಳು. ದತ್ತಪ್ಪ ಓಡಿ ಬಂದು ಅಡ್ಡ ನಿಂತ.

“ಕಟ್ಟಿ ಮ್ಯಾಲ ಕಾಲಿಡಬ್ಯಾಡ, ಅಂಬಮ್ಮ.”

“ನಿನ್ನ ರಾಶಿ ಮುಗೀತು, ಈಗ ನನಗ ಶಾಣ್ಯಾತನ ಹೇಳಲಾಕ ಬಂದಿ!” ಅಂಬಮ್ಮ ಒದರಿದಳು.

“ಮೆಲ್ಲಗ ಮಾತಾಡು ಯವ್ವಾ, ಅದು ಕೇಳಲಾಕತ್ತದ. ಅದು ಕೇಳಿದ್ದಕ್ಕೇ ನನ್ನ ಮಗಳು ಮನ್ಯಾಗ ಮಲಗ್ಯಾಳ. ಹೊರಿ ಇಲ್ಲಿ ತಾ, ನನ್ನ ಕಣಕ್ಕ ನಾನೇ ಹೊರ್ತೀನಿ.”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರಲ್ಲೂ ಇಂಥ ಬೇಲಿ ಇದ್ದೀತು. ಅದರ ಹತ್ತಿರ ಕಾಳು ಬಡಿಯಬೇಡಿ, ದನ ಕಟ್ಟಬೇಡಿ, ಒಳಗಿನ ಯಂತ್ರದ ಬ್ಯಾಟರಿಗೆ ಕೈ ಹಚ್ಚಬೇಡಿ. ಏನೂ ಹೇಳದೆ ಯಂತ್ರ ಹುಗಿದು ಹೋಗುವವರನ್ನು ತಡೆದು ಕೇಳಿ: ಇದು ಏನು, ಯಾಕೆ, ಬೋರ್ಡು ಕನ್ನಡದಲ್ಲಿ ಯಾಕಿಲ್ಲ? ಕೇಳುವುದು ನಿಮ್ಮ ಹಕ್ಕು. ನೆಲ ನಡುಗಿದರೆ ಸೀಳಿದ ಗೋಡೆಯಿಂದ ದೂರ ಸರಿಯಿರಿ, ತಲೆ ಕಾಪಾಡಿಕೊಳ್ಳಿ, ನಡುಕ ನಿಂತ ಮೇಲೆ ಬಯಲಿಗೆ ಬನ್ನಿ, ಪಂಚಾಯಿತಿಗೆ ತಿಳಿಸಿ. ಬೆಂಕಿಯ ವಿಡಿಯೊ ಬಂದರೆ ಕಳಿಸುವ ಮುನ್ನ ಒಂದು ಗಳಿಗೆ ನೋಡಿ, ಅದರ ಹಿಂದೆ ಸಮುದ್ರ ಕಾಣುತ್ತದೆಯೇ ಎಂದು. ನೀವು ಒಂದು ಬೆರಳು ಒತ್ತುತ್ತೀರಿ, ಅಷ್ಟೇ. ಅತ್ತ ಯಾರದೋ ಮಗು ಚಳಿಯಲ್ಲಿ ಕೂತು ಬೆಳಗು ಮಾಡುತ್ತದೆ.