ಕಿವಿಯಲ್ಲಿ ಹೇಳಿದ ಸಿನಿಮಾ

ಸಿರಸಿಯ ಚಿತ್ರಸಮಾಜಕ್ಕೆ ಮಂಗಳವಾರ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಉಳಿದ ದಿನಗಳಲ್ಲಿ ಆ ಸಭಾಭವನದಲ್ಲಿ ಮದುವೆ, ಉಪನಯನ, ಇಲ್ಲವೇ ಯಾರದೋ ಸನ್ಮಾನ. ಹೀಗಾಗಿ ತಿಂಗಳಿಗೊಂದು ಮಂಗಳವಾರ, ಹೊರಗೆ ಸಂತೆಯ ಗದ್ದಲ ನಡೆದಿರುವಾಗ, ಒಳಗೆ ಮಧ್ಯಾಹ್ನ ಮೂರಕ್ಕೆ ಯಾವುದೋ ದೂರದೇಶದ ಸಿನಿಮಾ. ಹತ್ತು ಜನ ಸೇರದೆ ಪ್ರೊಜೆಕ್ಟರ್ ಹಚ್ಚಬಾರದೆಂಬ ನಿಯಮವನ್ನು ಸಮಾಜ ತಾನೇ ಮಾಡಿಕೊಂಡು ತಾನೇ ಒದ್ದಾಡುತ್ತಿತ್ತು.

ಐದು ವರ್ಷದ ಹಿಂದೆ ಒಂದು ಮಂಗಳವಾರ ಒಂಬತ್ತೇ ಜನ. ಕಾರ್ಯದರ್ಶಿ ರಘುಪತಿ, ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸಿನಿಮಾವನ್ನೇ ತಲೆಗೆ ಹಚ್ಚಿಕೊಂಡ ಮನುಷ್ಯ, ಬೀದಿಗೆ ಓಡಿದ. ಸೊಪ್ಪು ಮಾರಿ ಮುಗಿಸಿ ಸಿದ್ದಾಪುರದ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳಿಗೆ ಚಾ ಕುಡಿಸಿ, ಕೈಮುಗಿದು ಕರೆತಂದ. ಅವಳು ತ್ಯಾಗಲಿಯ ಮಂಜಿ. ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಪರಿಮಳಾಳ ಪಕ್ಕದಲ್ಲಿ ಕೂತಳು.

ಪರಿಮಳಾಳ ಪಕ್ಕದ ಕುರ್ಚಿ ಯಾವತ್ತೂ ಖಾಲಿಯೇ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಅಕ್ಕೋರು ಅವಳು. ಊರು ಅವಳನ್ನು ಕಂಡರೆ ನಮಸ್ಕಾರ ಮಾಡುತ್ತಿತ್ತು, ಮಾಡಿ ಮುಂದೆ ಹೋಗುತ್ತಿತ್ತು. ಗೌರವ ಅನ್ನುವುದು ಒಬ್ಬರನ್ನು ಎಷ್ಟು ಅಚ್ಚುಕಟ್ಟಾಗಿ ದೂರ ಇಡುತ್ತದೆ ಎಂಬುದು ಅದನ್ನು ಉಂಡವರಿಗಷ್ಟೇ ಗೊತ್ತು. ಬೆಳಿಗ್ಗೆ ಹಾಲಿನವನನ್ನು ಬಿಟ್ಟರೆ ಬೇರೆ ಯಾರೊಡನೆಯೂ ಮಾತಿಲ್ಲದ ವಾರಗಳೂ ಇದ್ದವು.

ಪರದೆಯ ಮೇಲೆ ಹಿಮ ಬೀಳುವ ಒಂದು ಹಳ್ಳಿ. ಒಬ್ಬ ತಾಯಿ ದಿನಾ ಒಲೆ ಹಚ್ಚಿ ರೊಟ್ಟಿ ಬೇಯಿಸುತ್ತ, ಗಣಿ ಕೆಲಸಕ್ಕೆ ಹೋದ ಮಗನಿಗಾಗಿ ಕಾಯುತ್ತಿದ್ದಾಳೆ. ಕೆಳಗೆ ಓಡುತ್ತಿದ್ದ ಇಂಗ್ಲಿಷ್ ಸಾಲುಗಳನ್ನು ನೋಡಿ ಮಂಜಿ ಪಕ್ಕಕ್ಕೆ ಬಾಗಿದಳು.

"ಎಂತ ಹೇಳ್ತಿದಾಳ್ರಾ ಅವ್ಳು?"

ಪರಿಮಳಾ ಕಿವಿಯಲ್ಲಿ ಹೇಳಿದಳು. ಮತ್ತೊಂದು ಸಾಲು ಬಂತು, ಅದನ್ನೂ ಹೇಳಿದಳು. ಎರಡು ತಾಸು ಹೀಗೇ ನಡೆಯಿತು. ಕೊನೆಗೆ ಕಂಪನಿಯಿಂದ ಆ ತಾಯಿಗೆ ಒಂದು ಕಾಗದ ಬಂತು. ಮಗ ಗಣಿ ಕುಸಿದು ಸತ್ತಿದ್ದ. ಮಂಜಿ ಪರಿಮಳಾಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು, "ಬರ್ತಾನಂತಾ?" ಎಂದು ಕೇಳಿದಳು. ಸೊಪ್ಪಿನ ವಾಸನೆಯ ಆ ಒರಟು ಕೈ ಪರಿಮಳಾಳನ್ನು ತಬ್ಬಿಬ್ಬುಗೊಳಿಸಿತು. ಅವಳನ್ನು ಯಾರಾದರೂ ಮುಟ್ಟಿ ಎಷ್ಟು ಕಾಲವಾಗಿತ್ತೋ.

"ಬರ್ತಾನಂತೆ. ಮುಂದಿನ ತಿಂಗಳು," ಅಂದುಬಿಟ್ಟಳು.

"ಮತ್ತೆ ಅಳ್ತಾಳಲ್ರಾ?"

"ಸಂತೋಷಕ್ಕೆ."

ಪರದೆಯ ಮೇಲೆ ಆ ತಾಯಿ ಎದ್ದು ಒಲೆ ಆರಿಸಿದಳು.

ಅಲ್ಲಿಂದ ಶುರುವಾಯಿತು ನೋಡಿ. ಮಂಜಿ ಪ್ರತಿ ತಿಂಗಳೂ ಬರತೊಡಗಿದಳು. ರಘುಪತಿಗೆ ಹತ್ತನೆಯವಳು ಸಿಕ್ಕಳು, ಪರಿಮಳಾಳಿಗೆ ಒಂದು ಕಿವಿ ಸಿಕ್ಕಿತು. ಪರದೆಯಲ್ಲಿ ಹಸು ಬಂದರೆ ಮಂಜಿ ಅದು ಎಷ್ಟನೇ ತಿಂಗಳ ಗಬ್ಬ ಎಂದು ಹೇಳುತ್ತಿದ್ದಳು. ನಾಯಕ ಮಾತಿಲ್ಲದೆ ಐದು ನಿಮಿಷ ಕಿಟಕಿ ನೋಡಿದರೆ, "ಇವಂಗೆ ಕೆಲ್ಸ ಇಲ್ವನ್ರಾ" ಅನ್ನುತ್ತಿದ್ದಳು. ಪರಿಮಳಾ ನಗು ತಡೆಯಲು ಸೆರಗು ಕಚ್ಚಿಕೊಳ್ಳುತ್ತಿದ್ದಳು. ಮನೆಗೆ ಹೋಗಿ ಒಬ್ಬಳೇ ಅನ್ನ ಬಡಿಸಿಕೊಳ್ಳುವಾಗ ಆ ಮಾತು ನೆನಪಾಗಿ ಮತ್ತೆ ನಗುತ್ತಿದ್ದಳು. ಅವಳಿಗೆ ತಿಂಗಳೆಂದರೆ ಆ ಒಂದು ಮಂಗಳವಾರವೇ ಆಯಿತು.

ಸುಳ್ಳನ್ನು ಮಾತ್ರ ಬಿಡಲಾಗಲಿಲ್ಲ. ಹಡಗು ಏರಿ ಹೋದ ಗಂಡ ಬಂದ, ಜಗಳವಾಡಿ ಹೋದ ತಮ್ಮ ಬಂದ, ಯುದ್ಧದಲ್ಲಿ ಕಳೆದುಹೋದ ಹುಡುಗಿಯೂ ಬಂದಳು. ಪರದೆಯಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಪರಿಮಳಾ ಮಂಜಿಯ ಕಿವಿಯಲ್ಲಿ ಅದನ್ನು ತೆರೆಯುತ್ತಿದ್ದಳು.

ಈ ವರ್ಷ ಸಭಾಭವನ ಖಾಲಿಯಿದ್ದ ಮೂರು ದಿನ ಹಿಡಿದು ಸಮಾಜ ಚಿತ್ರೋತ್ಸವ ಇಟ್ಟುಕೊಂಡಿತು. ಐದು ವರ್ಷಗಳಲ್ಲಿ ತೋರಿಸಿದ ಸಿನಿಮಾಗಳಲ್ಲಿ ಸದಸ್ಯರು ಆರಿಸಿದ್ದನ್ನೇ ಮತ್ತೆ ತೋರಿಸುವುದು. ಕನ್ನಡ ಸಾಲುಗಳನ್ನೆಲ್ಲ ತಾನೇ ಕೂತು ಟೈಪ್ ಮಾಡಿದೆನೆಂದು ರಘುಪತಿ ಉಬ್ಬಿಹೋಗಿದ್ದ.

"ಪರಿಮಳಕ್ಕಾ, ಈ ಸಲ ಎಲ್ಲದಕ್ಕೂ ಕನ್ನಡದಲ್ಲೇ ಅಕ್ಷರ ಹಾಕಿದ್ಯ. ಆನೇ ಕೂತು ಟೈಪ್ ಮಾಡಿದ್ದಿ. ಇನ್ನು ನೀ ಗುಸುಗುಸು ಮಾಡ ಕೆಲ್ಸ ಇಲ್ಲೆ."

"ಕಡೇ ದಿನ ಯಾವ್ದು?" ಪರಿಮಳಾ ಕೇಳಿದಳು.

"ರೊಟ್ಟಿ ಬೇಯ್ಸೋ ತಾಯಿದು. ಮಂಜಿನೇ ಕೇಳಿದ್ದು."

ಮಂಜಿ ನಾಲ್ಕನೇ ಇಯತ್ತೆಯವರೆಗೆ ಓದಿದವಳು. ನಿಧಾನವಾಗಿಯಾದರೂ ಕನ್ನಡ ಓದುತ್ತಾಳೆ. ಐದು ವರ್ಷದ ಸುಳ್ಳು ಒಂದು ಮಧ್ಯಾಹ್ನದಲ್ಲಿ ಬಯಲಾಗುತ್ತದೆ. ಆಮೇಲೆ ಅವಳು ಯಾಕೆ ಬರಬೇಕು, ಬಂದರೂ ತನ್ನ ಪಕ್ಕ ಯಾಕೆ ಕೂರಬೇಕು? ಇಡೀ ವಾರ ಪರಿಮಳಾ ಇದನ್ನೇ ಯೋಚಿಸಿದಳು. ಆಟ ರದ್ದಾಯಿತೆಂದು ಮಂಜಿಗೆ ಹೇಳಿಬಿಡಲೇ ಎಂದು ಕೂಡ ಯೋಚಿಸಿದಳು, ನಾಚಿಕೆಯಾಯಿತು. ಉತ್ಸವದ ಮೂರನೆಯ ದಿನ, ಮಂಗಳವಾರ, ಸಂತೆಯಲ್ಲಿ ಸಿಕ್ಕಾಗ, "ನೋಡಿದ್ದೇ ಅಲ್ವಾ ಮಂಜಿ, ಮತ್ತೆಂತ ನೋಡೋದು?" ಎಂದು ಹೇಳಿನೋಡಿದಳು.

"ಒಂದ್ಸಲ ನೋಡಿದ್ರೆ ಎಲ್ಲ ಗೊತ್ತಾಗ್ತದನ್ರಾ?" ಎಂದು ಮಂಜಿ ಬುಟ್ಟಿ ಎತ್ತಿಕೊಂಡು ಮುಂದೆ ನಡೆದಳು.

ಅಂದು ಹತ್ತಲ್ಲ, ಅರವತ್ತು ಜನ. ಕತ್ತಲಾಯಿತು. ಕೆಳಗೆ ದೊಡ್ಡ ದೊಡ್ಡ ಕನ್ನಡ ಅಕ್ಷರಗಳು ಬಂದವು. ಮಂಜಿ ಕತ್ತು ಮುಂದೆ ಚಾಚಿ ತುಟಿ ಆಡಿಸುತ್ತ ಓದತೊಡಗಿದಳು. ಒಂದು ಸಲವೂ ಪಕ್ಕಕ್ಕೆ ಬಾಗಲಿಲ್ಲ. ಹಸುವಿನ ವಿಷಯ ಎತ್ತಲಿಲ್ಲ. ಪರಿಮಳಾ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಅವಳು ಎಂದೂ ಕೂತಿರಲಿಲ್ಲ. ಕಾಗದ ಬಂತು. 'ನಿಮ್ಮ ಮಗ ಬದುಕುಳಿಯಲಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.' ಬ್ಯಾಂಕಿನ ಪತ್ರದ ಧಾಟಿಯಲ್ಲೇ ಬರೆದಿದ್ದ ರಘುಪತಿ. ಮಂಜಿಯ ತುಟಿಗಳು ನಿಂತವು.

ದೀಪ ಬಂದ ಮೇಲೆ ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದರು. ಸಿದ್ದಾಪುರದ ಬಸ್ಸು ನಿಂತಿತ್ತು.

"ತಪ್ಪಾಯ್ತು ಮಂಜಿ," ಎಂದಳು ಪರಿಮಳಾ. "ನಾನು ಸುಳ್ಳು ಹೇಳಿದ್ದೆ."

"ಗೊತ್ತಿತ್ರಾ ಅಕ್ಕೋರೆ."

"ಗೊತ್ತಿತ್ತಾ? ಯಾವಾಗಿಂದ?"

"ಅವತ್ತಿಂದನೇ. ಮಗ ಬರ್ತಾನೆ ಅಂದ್ರೆ ಯಾವ ತಾಯಿ ಒಲೆ ಆರಿಸ್ತಾಳ್ರಾ? ಕಣ್ಣು ಕುರುಡಾ ನಂದು?"

"ಮತ್ತೆ ಯಾಕೆ ಕೇಳಲಿಲ್ಲ?"

"ನೀವು ಹೇಳೋದು ಕೇಳೂಕೇ ಬರ್ತಿದ್ದೆ ನಾ. ಸಿನಿಮಾ ಯಾರಿಗೆ ಬೇಕಿತ್ತು." ಮಂಜಿ ಬುಟ್ಟಿಯನ್ನು ಕೆಳಗಿಟ್ಟಳು. "ಇವತ್ತು ಖಾತ್ರಿ ಮಾಡ್ಕಳ್ಳೂಕೆ ಓದ್ದೆ. ಒಂದ್ಮಾತು ಕೇಳ್ತೆ, ಬೇಜಾರ್ ಮಾಡ್ಕಬೇಡಿ. ಎಲ್ಲಾ ಸಿನಿಮಾದಲ್ಲೂ ಹೋದವ್ರು ತಿರುಗಿ ಬಂದ್ರು. ನಿಮಗೆ ಬರ್ದೇ ಇದ್ದವ್ರು ಯಾರ್ರಾ?"

ಇಪ್ಪತ್ತಾರು ವರ್ಷದ ಹಿಂದೆ ಹುಬ್ಬಳ್ಳಿಗೆ ಹೋಗಿ ನಾಳೆ ಬರುತ್ತೇನೆಂದ ಪರಿಮಳಾಳ ಗಂಡ ಅಲ್ಲೇ ಬೇರೆ ಸಂಸಾರ ಹೂಡಿದ್ದು ಸಿರಸಿಗೆಲ್ಲ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಅವಳನ್ನು ಕೇಳಿರಲಿಲ್ಲ. ಕೇಳದೆ ಇರುವುದು ದೊಡ್ಡತನ ಎಂದುಕೊಂಡು ಊರು ಅವಳನ್ನು ಇಪ್ಪತ್ತಾರು ವರ್ಷ ಒಬ್ಬಳನ್ನೇ ಬಿಟ್ಟಿತ್ತು.

ಕಂಡಕ್ಟರ್ ಸೀಟಿ ಊದಿದ. "ಬಸ್ ಹತ್ತು, ಹೊರಡ್ತದೆ," ಎಂದಳು ಪರಿಮಳಾ.

"ಆರೂವರಿಗೆ ಇನ್ನೊಂದದೆ. ಹೇಳಿ ನೀವು."

ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಪರಿಮಳಾ ಪಿಸುಗುಡಲಿಲ್ಲ, ಗಟ್ಟಿಯಾಗಿಯೇ ಹೇಳತೊಡಗಿದಳು. ಹೋದ ದಿನ ಅವನು ಯಾವ ಅಂಗಿ ಹಾಕಿದ್ದ ಎಂಬಲ್ಲಿಂದ ಶುರುಮಾಡಿ ಎಲ್ಲವನ್ನೂ ಇದ್ದಂತೆಯೇ ಹೇಳಿದಳು. ಈ ಸಲ ಯಾರನ್ನೂ ತಿರುಗಿ ಕರೆತರಲಿಲ್ಲ.